ಮೂರು ವಾರ ಯಾರೂ ಮುಟ್ಟದ ಟೈರ್: ಕೊಲಂಬಿಯಾದ ಲಿಯರ್‌ಜೆಟ್ 60 ಪ್ರಕರಣ

2008ರ ಸೆಪ್ಟೆಂಬರ್ 19. ಅಮೆರಿಕದ ಸೌತ್ ಕ್ಯಾರೊಲಿನಾ ರಾಜ್ಯದ ಕೊಲಂಬಿಯಾ ವಿಮಾನ ನಿಲ್ದಾಣ. ಮಧ್ಯರಾತ್ರಿಗೆ ಇನ್ನೂ ಏಳು ನಿಮಿಷ ಬಾಕಿ. 11ನೇ ರನ್‌ವೇ ಮೇಲೆ ಒಂದು ಲಿಯರ್‌ಜೆಟ್ 60 ಓಟ ಶುರು ಮಾಡಿತು. ಒಳಗೆ ಆರು ಜನ. ಇಬ್ಬರು ಪೈಲಟ್‌ಗಳು, ನಾಲ್ವರು ಪ್ರಯಾಣಿಕರು. ಹೋಗಬೇಕಿದ್ದದ್ದು ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ಗೆ. ಪ್ರಯಾಣಿಕರಲ್ಲಿ ಡ್ರಮ್ಮರ್ ಟ್ರಾವಿಸ್ ಬಾರ್ಕರ್ ಮತ್ತು ಡಿಜೆ ಆಡಮ್ ಗೋಲ್ಡ್‌ಸ್ಟೀನ್ ಇದ್ದರು. ಊರಿನಲ್ಲಿ ಕಾರ್ಯಕ್ರಮ ಮುಗಿಸಿ ವಾಪಸ್ ಹೊರಟಿದ್ದರು. ಅವರಿಬ್ಬರು ಇದ್ದದ್ದಕ್ಕೇ ಸುದ್ದಿ ದೊಡ್ಡದಾಯಿತು.

ವಿಮಾನ ಮೇಲೇಳಲಿಲ್ಲ. ರನ್‌ವೇ ಮುಗಿದರೂ ನಿಲ್ಲಲಿಲ್ಲ. ದೀಪಗಳನ್ನು ಮುರಿದು, ಬೇಲಿ ಹರಿದುಕೊಂಡು, ಐದು ಲೇನಿನ ಹೆದ್ದಾರಿ ದಾಟಿ, ಆಚೆ ಬದಿಯ ದಿಬ್ಬಕ್ಕೆ ಗುದ್ದಿ ಹೊತ್ತಿ ಉರಿಯಿತು. ಇಬ್ಬರೂ ಪೈಲಟ್‌ಗಳು ಮತ್ತು ಇಬ್ಬರು ಪ್ರಯಾಣಿಕರು ಸತ್ತರು. ಬಾರ್ಕರ್ ಮತ್ತು ಗೋಲ್ಡ್‌ಸ್ಟೀನ್ ಗಂಭೀರ ಸುಟ್ಟಗಾಯಗಳೊಂದಿಗೆ ಹೊರಬಂದರು.

ಈ ಅಪಘಾತವನ್ನು ಎರಡೇ ಸಾಲಿನಲ್ಲಿ ಹೇಳಿ ಮುಗಿಸುವವರು ಜಾಸ್ತಿ. ಟೈರ್ ಒಡೆಯಿತು, ನಿಲ್ಲಿಸಬಾರದ ಹೊತ್ತಿನಲ್ಲಿ ಕ್ಯಾಪ್ಟನ್ ನಿಲ್ಲಿಸಲು ಹೋದರು, ಅಷ್ಟೇ. ಸುಳ್ಳಲ್ಲ. ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ 2010ರ ಏಪ್ರಿಲ್‌ನಲ್ಲಿ ಕೊಟ್ಟ ತೀರ್ಮಾನದಲ್ಲೂ ಈ ಎರಡೂ ಇವೆ. ಆದರೆ ಆ ತೀರ್ಮಾನದಲ್ಲಿ ಮೊದಲು ಬರುವುದು ಕ್ಯಾಪ್ಟನ್ ಅಲ್ಲ, ಟೈರ್‌ಗಳ ನಿರ್ವಹಣೆ. ನನಗೂ ಆ ಕ್ರಮವೇ ಸರಿ ಅನ್ನಿಸುತ್ತದೆ. ಹಾಗಾಗಿ ನಾನೂ ಟೈರ್‌ನಿಂದಲೇ ಶುರು ಮಾಡುತ್ತೇನೆ.

ಗಾಳಿ ಹೋಗಿದ್ದು ಕಾಣುವುದಿಲ್ಲ

ಲಿಯರ್‌ಜೆಟ್ 60ರ ಮುಖ್ಯ ಗಾಲಿಗಳು ನಾಲ್ಕು. ಎಡಗಾಲಿಗೆ ಎರಡು, ಬಲಗಾಲಿಗೆ ಎರಡು. ಸಣ್ಣ ಟೈರ್‌ಗಳೇ. ಆದರೆ ಒಳಗಿನ ಒತ್ತಡ ಚದರ ಇಂಚಿಗೆ 200 ಪೌಂಡ್‌ಗಿಂತ ಜಾಸ್ತಿ ಇರಬೇಕು. ಸಾಮಾನ್ಯ ಕಾರಿನ ಟೈರ್‌ನಲ್ಲಿ ಇರುವುದು 30-35. ಇಷ್ಟು ಒತ್ತಡದಲ್ಲಿ ತುಂಬಿದ ನೈಟ್ರೋಜನ್ ರಬ್ಬರಿನ ಮೂಲಕ ದಿನಾ ಒಂಚೂರು ಸೋರುತ್ತಲೇ ಇರುತ್ತದೆ. ತೂತು ಬೇಕಿಲ್ಲ, ಒಳ್ಳೆಯ ಟೈರ್ ಕೂಡ ಸೋರುತ್ತದೆ. ಒಂದು ದಿನಕ್ಕೆ ಶೇ. 5ರವರೆಗೂ ಇಳಿಯಬಹುದು ಎಂದು ಟೈರ್ ತಯಾರಕರೇ ಹೇಳುತ್ತಾರೆ. ಈ ವಿಮಾನದ ಟೈರ್‌ಗಳು ದಿನಕ್ಕೆ ಸುಮಾರು ಶೇ. 2ರಷ್ಟು ಕಳೆದುಕೊಳ್ಳುತ್ತಿದ್ದವು. ಅಂದರೆ ಅವುಗಳಲ್ಲಿ ಏನೂ ಕೆಟ್ಟಿರಲಿಲ್ಲ.

ಈಗ ಲೆಕ್ಕ ಹಾಕಿ. ದಿನಕ್ಕೆ ಶೇ. 2 ಅಂದರೆ ಎಂಟು ದಿನಕ್ಕೆ ಸುಮಾರು ಶೇ. 15. ಅಷ್ಟು ಇಳಿದರೆ ಆ ಟೈರ್‌ಗೆ ಮತ್ತೆ ಗಾಳಿ ತುಂಬುವ ಹಾಗೂ ಇಲ್ಲ, ಬಿಚ್ಚಿ ಬೇರೆಯದು ಹಾಕಬೇಕು ಎಂಬುದು ವಿಮಾನದ ನಿರ್ವಹಣಾ ಕೈಪಿಡಿಯ ನಿಯಮ. ಈ ವಿಮಾನದ ಟೈರ್‌ಗಳಿಗೆ ಒತ್ತಡ ಅಳೆಯುವ ಗೇಜ್ ಹಿಡಿದು ಸುಮಾರು ಮೂರು ವಾರ ಆಗಿತ್ತು. ಟೇಕಾಫ್ ಹೊತ್ತಿಗೆ ಒತ್ತಡ ಇರಬೇಕಾದ್ದಕ್ಕಿಂತ ಸುಮಾರು ಶೇ. 36ರಷ್ಟು ಕಡಿಮೆ ಇತ್ತು.

ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಗಾಳಿ ಹೋಗಿದ್ದರೂ ಯಾರಿಗೂ ಗೊತ್ತಾಗಲಿಲ್ಲವಾ? ಇಲ್ಲ. ಇದು ನೋಡಿದರೆ ತಿಳಿಯುವ ವಿಷಯವೇ ಅಲ್ಲ. ವಿಮಾನದ ಟೈರ್‌ನ ಗೋಡೆ ತುಂಬಾ ಗಟ್ಟಿ. ಒತ್ತಡ ಇಳಿದರೂ ಚಪ್ಪಟೆಯಾಗಿ ಕೂರುವುದಿಲ್ಲ. ಮೇಲಾಗಿ ಒಂದೇ ಕಾಲಿನಲ್ಲಿ ಎರಡು ಟೈರ್ ಪಕ್ಕಪಕ್ಕ ಇದ್ದಾಗ ಒಂದು ಸೋತರೆ ಇನ್ನೊಂದು ಅದರ ಭಾರವನ್ನೂ ಹೊರುತ್ತದೆ. ಎರಡೂ ಒಂದೇ ಎತ್ತರದಲ್ಲಿ ಕಾಣುತ್ತವೆ. ವಿಮಾನದ ಸುತ್ತ ಟಾರ್ಚ್ ಹಿಡಿದು ಎಷ್ಟು ಸುತ್ತು ಹಾಕಿದರೂ ಸರಿ, ಒದ್ದು ನೋಡಿದರೂ ಸರಿ, ಏನೂ ತಿಳಿಯುವುದಿಲ್ಲ. ಗೇಜ್ ಹಚ್ಚಿದರೆ ಮಾತ್ರ ಸತ್ಯ ಹೊರಬರುತ್ತದೆ.

ಒತ್ತಡ ಕಡಿಮೆ ಇರುವ ಟೈರ್ ಓಡುವಾಗ ಪ್ರತಿ ಸುತ್ತಿಗೂ ಅದರ ಬದಿಗೋಡೆ ಜಾಸ್ತಿ ಮಡಚಿ ಬಿಚ್ಚಿಕೊಳ್ಳುತ್ತದೆ. ತಂತಿಯೊಂದನ್ನು ಅತ್ತಿತ್ತ ಬಗ್ಗಿಸುತ್ತಾ ಇದ್ದರೆ ಬಿಸಿಯಾಗಿ ತುಂಡಾಗುತ್ತದಲ್ಲ, ಹಾಗೆ. ನಿಲ್ದಾಣದೊಳಗೆ ರನ್‌ವೇವರೆಗೆ ಉರುಳಿಕೊಂಡು ಹೋಗುವಾಗಲೇ ಬಿಸಿ ಶುರು. ಟೇಕಾಫ್ ಓಟದಲ್ಲಿ ವಿಮಾನದ ಪೂರ್ತಿ ತೂಕ, ಪೂರ್ತಿ ಇಂಧನ, ಏರುತ್ತಲೇ ಇರುವ ವೇಗ. ಒಳಗಿನ ನೈಲಾನ್ ಎಳೆಗಳು ಶಾಖಕ್ಕೆ ಸೋಲುತ್ತವೆ. ಒಂದು ಟೈರ್ ಹೋದರೆ ಪಕ್ಕದ್ದರ ಮೇಲೆ ಒಮ್ಮೆಲೇ ಎರಡು ಪಾಲು ಭಾರ ಬೀಳುತ್ತದೆ. ಅದರದ್ದೂ ಇದೇ ಸ್ಥಿತಿ ಆಗಿದ್ದರೆ ಅದೂ ಹೋಗುತ್ತದೆ. ಕೊಲಂಬಿಯಾದಲ್ಲಿ ಹೀಗೇ ಒಂದರ ಹಿಂದೆ ಒಂದು ಹೋದವು.

ಹಾಗಾದರೆ ಗೇಜ್ ಹಚ್ಚುವುದು ಯಾರ ಕೆಲಸ? ಇಡೀ ಪ್ರಕರಣದಲ್ಲಿ ನನ್ನನ್ನು ಅತಿ ಜಾಸ್ತಿ ಕಾಡುವ ಪ್ರಶ್ನೆ ಇದು. ಪೈಲಟ್‌ಗಳದ್ದಲ್ಲ. ಈ ಮಾದರಿಯ ವಿಮಾನದಲ್ಲಿ ಟೈರ್ ಒತ್ತಡ ನೋಡುವುದು ನಿರ್ವಹಣೆಯ ಕೆಲಸ ಎಂದೇ ವಿಮಾನಯಾನ ಆಡಳಿತ ಎಫ್‌ಎಎ ಅರ್ಥ ಮಾಡಿತ್ತು. ಬಾಡಿಗೆಗೆ ಹಾರುವ ವಿಮಾನಗಳ ಆಗಿನ ನಿಯಮದ ಪ್ರಕಾರ ಅದನ್ನು ಪೈಲಟ್ ಮಾಡುವ ಹಾಗಿರಲಿಲ್ಲ, ಮೆಕ್ಯಾನಿಕ್ ಮಾಡಬೇಕಿತ್ತು. ಆದರೆ ಇಂಥ ವಿಮಾನಗಳ ಜೊತೆಗೆ ಮೆಕ್ಯಾನಿಕ್ ಪ್ರಯಾಣ ಮಾಡುವುದಿಲ್ಲ. ಗ್ರಾಹಕ ಕರೆದಲ್ಲಿಗೆ ಹೋಗುತ್ತವೆ, ರಾತ್ರಿ ಎಲ್ಲೋ ತಂಗುತ್ತವೆ, ಬೆಳಿಗ್ಗೆ ಇನ್ನೆಲ್ಲಿಗೋ. ಇನ್ನು ನಿರ್ವಹಣೆಯವರಿಗೆ ಈ ಟೈರ್‌ಗಳ ಗಾಳಿ ಇಷ್ಟು ಬೇಗ ಇಳಿಯುತ್ತದೆ ಎಂಬುದೇ ಸರಿಯಾಗಿ ತಿಳಿದಿರಲಿಲ್ಲ. ಕೈಪಿಡಿ ಒತ್ತಡ ಎಷ್ಟಿರಬೇಕು ಎಂದು ಹೇಳುತ್ತಿತ್ತು. ಎಷ್ಟು ದಿನಕ್ಕೊಮ್ಮೆ ನೋಡಬೇಕು ಎಂಬುದು ಎದ್ದು ಕಾಣುವಂತೆ ಇರಲಿಲ್ಲ.

ಹಾರಿಸುವವರು ಮುಟ್ಟುವಂತಿಲ್ಲ. ಮುಟ್ಟಬೇಕಾದವರು ಹತ್ತಿರ ಇಲ್ಲ. ನಡುವೆ ದಿನಕ್ಕೆ ಶೇ. 2.

ವಿ-ಒನ್ ಆದ ಮೇಲೆ

ಪ್ರತಿ ಟೇಕಾಫ್‌ಗೂ ಮುಂಚೆ ಒಂದು ವೇಗವನ್ನು ಲೆಕ್ಕ ಹಾಕಿ ಇಟ್ಟುಕೊಳ್ಳುತ್ತಾರೆ. ಅದರ ಹೆಸರು ವಿ-ಒನ್. ಅದಕ್ಕಿಂತ ಮುಂಚೆ ಏನಾದರೂ ಕೆಟ್ಟರೆ ನಿಲ್ಲಿಸಬಹುದು, ರನ್‌ವೇ ಸಾಲುತ್ತದೆ. ಅದು ದಾಟಿತೋ, ಹಾರಲೇಬೇಕು. ಇದನ್ನು ಜನ ಕೊಂಚ ತಪ್ಪಾಗಿ ತಿಳಿಯುತ್ತಾರೆ. ವಿ-ಒನ್ ಅಂದರೆ ಯೋಚಿಸುವ ವೇಗ ಅಲ್ಲ. ನಿಲ್ಲಿಸುವುದಾದರೆ, ಆ ವೇಗ ಬರುವಷ್ಟರಲ್ಲಿ ಯೋಚನೆ ಮುಗಿದು ನಿಲ್ಲಿಸುವ ಕೆಲಸ ಶುರುವಾಗಿರಬೇಕು. ಪೂರ್ತಿ ಒಳ್ಳೆಯ ಬ್ರೇಕು, ಪೂರ್ತಿ ಒಳ್ಳೆಯ ಟೈರು ಇವೆ ಎಂದು ಇಟ್ಟುಕೊಂಡು ಹಾಕಿದ ಲೆಕ್ಕ ಅದು. ಟೈರೇ ಒಡೆದಿದ್ದರೆ ಆ ಲೆಕ್ಕ ಮೊದಲೇ ಸುಳ್ಳಾಗಿರುತ್ತದೆ.

ಆ ರಾತ್ರಿಯ ವಿ-ಒನ್ 136 ನಾಟ್. ಗಂಟೆಗೆ ಸುಮಾರು 250 ಕಿಲೋಮೀಟರ್. ಕೋ-ಪೈಲಟ್ "ವಿ-ಒನ್" ಎಂದು ಕೂಗಿ ಎರಡು ಸೆಕೆಂಡೂ ಆಗಿರಲಿಲ್ಲ. ಕಾಕ್‌ಪಿಟ್ ಧ್ವನಿಮುದ್ರಿಕೆಯಲ್ಲಿ ಜೋರಾದ ಗಡಗಡ ಸದ್ದು ಶುರುವಾಗುತ್ತದೆ. ಕೋ-ಪೈಲಟ್ ತಕ್ಷಣ "ಹೋಗಿ" ಅಂದರು. ಮತ್ತೆ ಮತ್ತೆ ಅಂದರು. ಕ್ಯಾಪ್ಟನ್ ಅದನ್ನೇ ಪ್ರಶ್ನೆಯಾಗಿ ಕೇಳಿದರು. ಅಷ್ಟರಲ್ಲಿ ಎಂಜಿನ್ ಶಕ್ತಿ ಇಳಿಸಿಯಾಗಿತ್ತು. ಆಮೇಲೆ ಕೋ-ಪೈಲಟ್ ಕೂಡ ನಿಲ್ಲಿಸುವ ಕಡೆಗೇ ಬಂದರು. ವೇಗ 144 ನಾಟ್ ಮುಟ್ಟಿತ್ತು.

ಕ್ಯಾಪ್ಟನ್‌ಗೆ 31 ವರ್ಷ. ಒಟ್ಟು ಹಾರಾಟದ ಅನುಭವ ಕಡಿಮೆಯೇನೂ ಇರಲಿಲ್ಲ. ಆದರೆ ಈ ಮಾದರಿಯಲ್ಲಿ ಸುಮಾರು 35 ಗಂಟೆ ಮಾತ್ರ. ಪಕ್ಕದಲ್ಲಿ ಕೂತ ಕೋ-ಪೈಲಟ್‌ಗೆ ವಯಸ್ಸೂ ಜಾಸ್ತಿ, ಅನುಭವವೂ ಜಾಸ್ತಿ. ಅವರ ಬಾಯಿಂದ ಮೊದಲು ಬಂದ ಮಾತೇ ಸರಿಯಾಗಿತ್ತು. ಆ ಮಾತು ನಡೆಯಲಿಲ್ಲ, ಅಷ್ಟೇ. ಇಬ್ಬರ ನಡುವಿನ ಹೊಂದಾಣಿಕೆ ಕಳಪೆಯಾಗಿತ್ತು ಎಂದು ಎನ್‌ಟಿಎಸ್‌ಬಿ ಬರೆದಿದೆ. ಆದರೆ ಆ ಮಾತಿನ ಹಿಂದೆ ಇರುವುದು ಕೆಲವೇ ಸೆಕೆಂಡು. ವರದಿ ಓದುವ ನಮಗೆ ಒಂದು ಪುಟ ಸಿಗುತ್ತದೆ, ಅವರಿಗೆ ಒಂದು ಉಸಿರೂ ಸಿಗಲಿಲ್ಲ.

ಕ್ಯಾಪ್ಟನ್ ಯಾಕೆ ನಿಲ್ಲಿಸಿದರು? ತರಬೇತಿಯಲ್ಲಿ ವಿ-ಒನ್ ಆದ ಮೇಲೆ ಹಾರಬೇಕು ಎಂದೇ ಕಲಿಸಿರುತ್ತಾರೆ. ಕಲಿಸುವುದು ಹೇಗೆ ಅಂದರೆ, ಸಿಮ್ಯುಲೇಟರ್‌ನಲ್ಲಿ ಒಂದು ಎಂಜಿನ್ ಆರಿಸಿಬಿಡುತ್ತಾರೆ. ಮೂಗು ಒಂದು ಕಡೆಗೆ ಎಳೆಯುತ್ತದೆ, ದೀಪ ಹತ್ತುತ್ತದೆ. ಏನಾಯಿತು ಎಂಬುದು ಸ್ಪಷ್ಟ. ಟೈರ್ ಒಡೆದರೆ ಹಾಗಲ್ಲ. ಇಡೀ ವಿಮಾನ ಬಿಚ್ಚಿಹೋಗುತ್ತಿದೆಯೇನೋ ಎಂಬಷ್ಟು ಸದ್ದು, ನಡುಕ. ರಬ್ಬರಿನ ಚೂರುಗಳು ಹೊಟ್ಟೆಗೆ ಬಡಿಯುತ್ತವೆ. ಯಾವ ಮೀಟರೂ ಕಾರಣ ಹೇಳುವುದಿಲ್ಲ. ಇದು ಹಾರುವ ಸ್ಥಿತಿಯಲ್ಲಿದೆಯಾ ಎಂಬ ಅನುಮಾನ ಆ ಸದ್ದಿಗೇ ಹುಟ್ಟುತ್ತದೆ. ಸಿಮ್ಯುಲೇಟರ್‌ನಲ್ಲಿ ಇಂಥದ್ದನ್ನು ಅನುಭವಿಸದವರಿಗೆ ಮೊದಲ ಸಲವೇ ನಿಜ. ಟೈರ್ ಒಡೆಯುವ ಸಂದರ್ಭಕ್ಕೆ ಉದ್ಯಮದ ತರಬೇತಿ ಮಟ್ಟ ಸಾಲದು ಎಂಬುದನ್ನೂ ಎನ್‌ಟಿಎಸ್‌ಬಿ ಕಾರಣಗಳ ಪಟ್ಟಿಗೆ ಸೇರಿಸಿತು.

ಈ ತಪ್ಪು ಹೊಸದೂ ಅಲ್ಲ. 1959ರಿಂದ 1990ರವರೆಗೆ ಟೇಕಾಫ್ ನಿಲ್ಲಿಸಲು ಹೋಗಿ ರನ್‌ವೇ ದಾಟಿದ 74 ಜೆಟ್ ಪ್ರಕರಣಗಳನ್ನು ಉದ್ಯಮ ಮತ್ತು ಎಫ್‌ಎಎ ಸೇರಿ ಅಧ್ಯಯನ ಮಾಡಿದ್ದವು. ಅರ್ಧಕ್ಕಿಂತ ಜಾಸ್ತಿ ಪ್ರಕರಣಗಳಲ್ಲಿ ನಿಲ್ಲಿಸಲು ಹೊರಟದ್ದು ವಿ-ಒನ್ ದಾಟಿದ ಮೇಲೆ. ಸುಮಾರು ಕಾಲುಭಾಗಕ್ಕೆ ಕಾರಣ ಟೈರು, ಗಾಲಿ. ಎಂಜಿನ್ ಕೆಟ್ಟದ್ದೂ ಹೆಚ್ಚುಕಮ್ಮಿ ಅಷ್ಟೇ. ತರಬೇತಿ ಮಾತ್ರ ಬಹುಪಾಲು ಎಂಜಿನ್ ಸುತ್ತಲೇ ತಿರುಗುತ್ತಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಇಲ್ಲದಿದ್ದರೆ ಪಾಠ ಜಾಸ್ತಿ ನುಣುಪಾಗಿಬಿಡುತ್ತದೆ. 1991ರ ಜುಲೈ 11ರಂದು ಜೆಡ್ಡಾದಿಂದ ನೇಷನ್‌ಏರ್ ಕಂಪನಿಯ ಡಿಸಿ-8 ವಿಮಾನ ಹೊರಟಿತು. ಅದರಲ್ಲೂ ಟೈರ್ ಒತ್ತಡ ಕಡಿಮೆ ಇತ್ತು. ಅದು ನಿಲ್ಲಿಸಲಿಲ್ಲ, ಹಾರಿತು. ಓಟದಲ್ಲೇ ಹೊತ್ತಿದ ಟೈರ್ ಚಕ್ರದ ಗೂಡಿನೊಳಗೆ ಸೇರಿತು. ಬೆಂಕಿ ಅಲ್ಲಿಂದ ಕ್ಯಾಬಿನ್‌ಗೆ ಬಂತು. ವಾಪಸ್ ತಿರುಗಿಸಿದರೂ ರನ್‌ವೇ ಮುಟ್ಟಲಾಗಲಿಲ್ಲ. 261 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಹಾಗಾಗಿ "ಹಾರಿದ್ದರೆ ಬದುಕುತ್ತಿದ್ದರು" ಎಂದು ಕಣ್ಣುಮುಚ್ಚಿ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಆದರೂ ಲೆಕ್ಕ ಹಾರುವ ಕಡೆಗೇ ವಾಲುತ್ತದೆ. ಕೊಲಂಬಿಯಾದಲ್ಲಿ ಎಂಜಿನ್ ಎರಡೂ ಚೆನ್ನಾಗಿ ನಡೆಯುತ್ತಿದ್ದವು. ಗಾಲಿಯನ್ನು ಒಳಗೆಳೆಯದೆ ಹೊರಗೇ ಬಿಟ್ಟು, ನಿಧಾನವಾಗಿ ಸುತ್ತು ಹಾಕಿ, ಉದ್ದ ರನ್‌ವೇ ಮತ್ತು ಅಗ್ನಿಶಾಮಕ ದಳ ಸಿದ್ಧ ಇರುವಲ್ಲಿ ಇಳಿಸುವ ದಾರಿ ಇತ್ತು. 250 ಕಿಲೋಮೀಟರ್ ವೇಗದಲ್ಲಿ, ಚಿಂದಿಯಾದ ಟೈರ್ ಮೇಲೆ, ಉಳಿದಷ್ಟು ರನ್‌ವೇಯಲ್ಲಿ ನಿಲ್ಲಿಸುವುದಕ್ಕಿಂತ ಅದು ಎಷ್ಟೋ ಮೇಲು.

ವಿಮಾನ ತಾನು ಗಾಳಿಯಲ್ಲಿದ್ದೇನೆ ಅಂದುಕೊಂಡಿತು

ಇಲ್ಲಿಯವರೆಗಿನ ಕಥೆ ಬೇರೆ ಅಪಘಾತಗಳಲ್ಲೂ ಸಿಗುತ್ತದೆ. ಇನ್ನು ಮುಂದಿನದು ಈ ವಿಮಾನದ ಸ್ವಂತದ್ದು.

ಜೆಟ್ ವಿಮಾನ ನೆಲದ ಮೇಲೆ ನಿಲ್ಲಲು ಬ್ರೇಕಿನ ಜೊತೆಗೆ ಥ್ರಸ್ಟ್ ರಿವರ್ಸರ್ ಬಳಸುತ್ತದೆ. ಎಂಜಿನ್ ಹಿಂದೆ ಎರಡು ಬಾಗಿಲಿನಂಥ ತಟ್ಟೆಗಳು ತೆರೆದುಕೊಂಡು ಹಿಂದಕ್ಕೆ ಹೋಗುವ ಗಾಳಿಯನ್ನು ಮುಂದಕ್ಕೆ ತಿರುಗಿಸುತ್ತವೆ. ಇವು ಆಕಾಶದಲ್ಲಿ ಅಪ್ಪಿತಪ್ಪಿ ತೆರೆದರೆ ಭಾರೀ ಅನಾಹುತ. ಅದಕ್ಕೇ ವಿಮಾನ ನೆಲದ ಮೇಲಿದೆ ಎಂದು ಖಾತ್ರಿಯಾದರೆ ಮಾತ್ರ ತೆರೆಯುವ ಹಾಗೆ ವ್ಯವಸ್ಥೆ ಇರುತ್ತದೆ. ಖಾತ್ರಿ ಕೊಡುವುದು ಗಾಲಿಯ ಕಾಲಿನಲ್ಲಿರುವ ಸ್ಕ್ವಾಟ್ ಸ್ವಿಚ್. ವಿಮಾನದ ಭಾರ ಕಾಲಿನ ಮೇಲೆ ಕೂತಾಗ ಅದು "ನೆಲ" ಎನ್ನುತ್ತದೆ, ಭಾರ ಎದ್ದಾಗ "ಗಾಳಿ" ಎನ್ನುತ್ತದೆ.

ಆ ಸ್ವಿಚ್‌ನ ತಂತಿಗಳು ಟೈರ್ ಪಕ್ಕದಲ್ಲೇ ಹಾದುಹೋಗುತ್ತವೆ. ಒಡೆದ ಟೈರಿನ ಚೂರುಗಳು ಚಕ್ರದ ಗೂಡಿನಲ್ಲಿ ಬಡಿದು ಅಲ್ಲಿದ್ದ ಭಾಗಗಳನ್ನು ಹಾಳುಮಾಡಿದವು. ಸ್ವಿಚ್‌ನ ಸಂಕೇತ ಹೋಯಿತು. ವ್ಯವಸ್ಥೆ ಅದನ್ನು "ಗಾಳಿ" ಎಂದು ಓದಿತು.

ಕ್ಯಾಪ್ಟನ್ ರಿವರ್ಸರ್ ಹಿಡಿಕೆಗಳನ್ನು ಎಳೆದಿದ್ದರು. ಆಕಾಶದಲ್ಲಿ ರಿವರ್ಸರ್ ತೆರೆದಿರಬಾರದಲ್ಲ? ವ್ಯವಸ್ಥೆ ತಟ್ಟೆಗಳನ್ನು ಮುಚ್ಚಿತು. ಆದರೆ ಹಿಡಿಕೆಗಳು ಇನ್ನೂ ಜೋರು ರಿವರ್ಸ್ ಕೇಳುವ ಸ್ಥಾನದಲ್ಲೇ ಇದ್ದವು. ಎಂಜಿನ್‌ಗಳು ಆ ಜೋರನ್ನು ಕೊಟ್ಟವು. ತಟ್ಟೆ ಮುಚ್ಚಿರುವುದರಿಂದ ಆ ಶಕ್ತಿಯೆಲ್ಲ ವಿಮಾನವನ್ನು ಮುಂದಕ್ಕೆ ತಳ್ಳಿತು. ನಿಲ್ಲಿಸಲು ಎಳೆದ ಹಿಡಿಕೆಯೇ ಓಡಿಸಿತು. ಕತ್ತಲಲ್ಲಿ, ಆ ಸದ್ದು ಮತ್ತು ನಡುಕದ ನಡುವೆ, ಇದನ್ನು ಪತ್ತೆ ಹಚ್ಚಿ ಹಿಡಿಕೆ ವಾಪಸ್ ತಳ್ಳಬೇಕು ಎಂದು ಯಾರಿಗೆ ಹೊಳೆಯಬೇಕು? ವಿಮಾನ ನಿಲ್ಲುತ್ತಿಲ್ಲ ಎಂದರೆ ಮನುಷ್ಯ ಹಿಡಿಕೆಯನ್ನು ಇನ್ನೂ ಗಟ್ಟಿಯಾಗಿ ಎಳೆಯುತ್ತಾನೆ.

ಇದು ಮೊದಲ ಸಲವೂ ಅಲ್ಲ. 2001ರಲ್ಲಿ ಅಲಬಾಮಾ ರಾಜ್ಯದ ಟ್ರಾಯ್ ಎಂಬಲ್ಲಿ ಇನ್ನೊಂದು ಲಿಯರ್‌ಜೆಟ್ 60 ಇಳಿಯುತ್ತಿದ್ದಾಗ ಜಿಂಕೆಗಳಿಗೆ ಡಿಕ್ಕಿ ಹೊಡೆದಿತ್ತು. ಅಲ್ಲೂ ಗಾಲಿಯ ಬಳಿಯ ತಂತಿಗಳು ಹಾಳಾದವು. ಅಲ್ಲೂ ರಿವರ್ಸರ್ ಮುಚ್ಚಿಕೊಂಡಿತು. ಅಲ್ಲೂ ಎಂಜಿನ್ ಮುಂದಕ್ಕೆ ತಳ್ಳಿತು. ಆ ಪೈಲಟ್‌ಗಳು ಗಂಭೀರ ಗಾಯಗಳೊಂದಿಗೆ ಬದುಕಿದರು. ಅಂದರೆ ಏಳು ವರ್ಷ ಮುಂಚೆಯೇ ವಿಮಾನ ತನ್ನ ಹುಳುಕನ್ನು ಪೂರ್ತಿ ತೋರಿಸಿತ್ತು. ಆ ಅಪಘಾತದ ಬಳಿಕ ತಯಾರಕರು ಮಾಡಿದ ಸುರಕ್ಷತಾ ವಿಶ್ಲೇಷಣೆ ಸಾಲದು, ಅದನ್ನು ಎಫ್‌ಎಎ ಪರಿಶೀಲಿಸಿದ ರೀತಿಯೂ ಸಾಲದು, ರಿವರ್ಸರ್ ಮತ್ತು ಚಕ್ರದ ಗೂಡಿನ ದೋಷ ಹಾಗೇ ಉಳಿಯಿತು ಎಂದು ಎನ್‌ಟಿಎಸ್‌ಬಿ ಹೇಳಿತು.

ಜಿಂಕೆ ಬಂದದ್ದು ಆಕಸ್ಮಿಕ ಎಂದು ಬದಿಗಿಟ್ಟರೆ ಹೀಗೇ ಆಗುವುದು. ಗಾಲಿಯ ಬಳಿ ಏನಾದರೂ ಬಡಿದರೆ ತಂತಿ ಹರಿಯುತ್ತದೆ ಎಂಬುದು ಅಲ್ಲಿದ್ದ ಪಾಠ. ಬಡಿಯುವುದು ಜಿಂಕೆಯೇ ಆಗಬೇಕೆಂದಿಲ್ಲ. ಗಾಲಿಯ ಬಳಿ ಒಡೆಯಬಹುದಾದ ವಸ್ತುಗಳಲ್ಲಿ ಮೊದಲನೆಯದೇ ಟೈರ್.

ರನ್‌ವೇಯ ಕೊನೆ

ಕೊಲಂಬಿಯಾದ ಆ ರನ್‌ವೇ ಉದ್ದ 8,601 ಅಡಿ, ಸುಮಾರು 2.6 ಕಿಲೋಮೀಟರ್. ಸಣ್ಣ ಜೆಟ್‌ಗೆ ಧಾರಾಳ. ಅದರಾಚೆ 1,000 ಅಡಿಯ ಸುರಕ್ಷತಾ ಜಾಗವೂ ಇತ್ತು. ಯಾವುದೂ ಸಾಲಲಿಲ್ಲ. ಕೊನೆಯ ಕ್ಷಣಗಳಲ್ಲಿ ಕೋ-ಪೈಲಟ್ ಟವರ್‌ಗೆ ಮಾತಾಡಿದರು. ನಾವು ರನ್‌ವೇ ದಾಟಿ ಹೋಗುತ್ತಿದ್ದೇವೆ, ಅಗ್ನಿಶಾಮಕ ವಾಹನಗಳನ್ನು ಕಳಿಸಿ ಎಂದು. ವೃತ್ತಿಯ ಶಿಸ್ತು ಎಂದರೆ ಇದು. ಗುದ್ದುವ ಮುಂಚೆಯೇ ಸಹಾಯ ಕರೆದಿದ್ದರು.

ರಿವರ್ಸರ್ ಸರಿಯಾಗಿ ನಡೆದಿದ್ದರೂ ವಿಮಾನ ರನ್‌ವೇ ದಾಟುತ್ತಿತ್ತೇನೋ. ಆದರೆ ನಿಧಾನವಾಗಿ ದಾಟುತ್ತಿತ್ತು. ಡಿಕ್ಕಿಯ ಪೆಟ್ಟು ವೇಗದ ವರ್ಗದಂತೆ ಏರುತ್ತದೆ. ವೇಗ ಅರ್ಧವಾದರೆ ಪೆಟ್ಟು ಕಾಲುಭಾಗ. ಇಂಧನ ತೊಟ್ಟಿ ಒಡೆಯುವುದಕ್ಕೂ ಒಡೆಯದೆ ಉಳಿಯುವುದಕ್ಕೂ ಅಷ್ಟೇ ವ್ಯತ್ಯಾಸ ಸಾಕಾಗುತ್ತದೆ. ಅಮೆರಿಕದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೊರಟ ವಿಮಾನ ಅದು. ಇಂಧನ ತುಂಬಿಕೊಂಡಿತ್ತು.

ಬಿಸಿನೆಸ್ ಜೆಟ್‌ನ ಕ್ಯಾಬಿನ್ ಬೆಂಕಿ ದೊಡ್ಡ ವಿಮಾನದ ಬೆಂಕಿಗಿಂತ ಬೇರೆ ಥರ. ಜನ ಕಡಿಮೆ, ನೂಕುನುಗ್ಗಲಿಲ್ಲ, ಹಾಗಾಗಿ ಸುಲಭ ಅನ್ನಿಸಬಹುದು. ಅಷ್ಟು ಸುಲಭ ಅಲ್ಲ. ಸಾಮಾನ್ಯವಾಗಿ ಮುಂದೆ ಒಂದು ಬಾಗಿಲು, ಇನ್ನೆಲ್ಲೋ ಒಂದು ತುರ್ತು ಕಿಂಡಿ. ನೆಟ್ಟಗೆ ನಿಲ್ಲಲೂ ಕಷ್ಟವಾಗುವ ಎತ್ತರ. 44ಕ್ಕಿಂತ ಜಾಸ್ತಿ ಸೀಟಿನ ವಿಮಾನಗಳಿಗೆ ಎಲ್ಲರೂ 90 ಸೆಕೆಂಡಿನಲ್ಲಿ ಹೊರಬರಬಹುದು ಎಂದು ತೋರಿಸುವ ಪರೀಕ್ಷೆ ಇದೆ. ಈ ಗಾತ್ರದ ಜೆಟ್‌ಗಳಿಗೆ ಅದು ಅನ್ವಯಿಸುವುದಿಲ್ಲ. 19 ಸೀಟಿನವರೆಗೆ ಗಗನಸಖಿಯೂ ಕಡ್ಡಾಯವಲ್ಲ. ಬಾಗಿಲು ತೆರೆಯಲು ಗೊತ್ತಿರುವವರು ಮುಂದೆ ಕೂತ ಇಬ್ಬರು ಪೈಲಟ್‌ಗಳು ಮಾತ್ರ. ರನ್‌ವೇ ದಾಟಿ ಗುದ್ದಿದಾಗ ಮೊದಲ ಪೆಟ್ಟು ಬೀಳುವುದೂ ಅವರಿಗೇ. ಹೊರಗೆ ಇಂಧನ ಉರಿಯುತ್ತಿದ್ದರೆ ತೆಳು ಅಲ್ಯೂಮಿನಿಯಂ ಹೊರಮೈ ಒಂದು ನಿಮಿಷದ ಆಸುಪಾಸಿನಲ್ಲಿ ಕರಗಿ ತೂತಾಗಬಹುದು. ಅಷ್ಟರೊಳಗೆ ಪ್ರಯಾಣಿಕ ತಾನೇ ದಾರಿ ಹುಡುಕಿಕೊಳ್ಳಬೇಕು. ಕೊಲಂಬಿಯಾದಲ್ಲಿ ಉಳಿದ ಇಬ್ಬರೂ ಹಾಗೇ ಬೆಂಕಿಯ ನಡುವಿನಿಂದಲೇ ಹೊರಬಂದವರು. ಮೈಮೇಲಿನ ಬಟ್ಟೆ ಉರಿಯುತ್ತಿತ್ತು.

ಇದರ ಪಕ್ಕದಲ್ಲಿ ಇನ್ನೆರಡು ಪ್ರಕರಣ ಇಟ್ಟು ನೋಡಬಹುದು. 2005ರ ಫೆಬ್ರವರಿ 2ರಂದು ನ್ಯೂಜೆರ್ಸಿಯ ಟೆಟರ್‌ಬರೋದಲ್ಲಿ ಚಾಲೆಂಜರ್ 600 ಜೆಟ್ ಟೇಕಾಫ್ ನಿಲ್ಲಿಸಿ, ರನ್‌ವೇ ದಾಟಿ, ಹೆದ್ದಾರಿ ಅಡ್ಡ ಹೋಗಿ, ಒಂದು ಗೋದಾಮಿನ ಗೋಡೆಗೆ ನುಗ್ಗಿ ಹೊತ್ತಿಕೊಂಡಿತು. ಭಾರ ಮುಂದಕ್ಕೆ ಜಾಸ್ತಿ ಬಿದ್ದು ಮೂಗು ಮೇಲೇಳಲಿಲ್ಲ ಎಂಬುದು ಮೂಲ ಕಾರಣ. ಒಳಗಿದ್ದ 11 ಜನರೂ ಬದುಕಿದರು. ಆದರೆ ಕ್ಯಾಬಿನ್‌ನಲ್ಲಿದ್ದ ಸಹಾಯಕಿಗೆ ಬಾಗಿಲು ತೆರೆಯುವ ಸರಿಯಾದ ತರಬೇತಿಯೇ ಇರಲಿಲ್ಲ. ಸಮವಸ್ತ್ರದಂಥ ಉಡುಪು ಹಾಕಿಕೊಂಡವರನ್ನು ಕಂಡರೆ ಪ್ರಯಾಣಿಕರು ಅವರಿಗೆ ಗೊತ್ತಿರುತ್ತದೆ ಅಂದುಕೊಳ್ಳುತ್ತಾರೆ ಅಲ್ವಾ? ಇನ್ನೊಂದು 2019ರ ಆಗಸ್ಟ್ 15ರದ್ದು. ಟೆನೆಸ್ಸಿಯ ಎಲಿಜಬೆತ್‌ಟನ್‌ನಲ್ಲಿ ಸೆಸ್ನಾ ಸೈಟೇಷನ್ ಲ್ಯಾಟಿಟ್ಯೂಡ್ ಜಾಸ್ತಿ ವೇಗದಲ್ಲಿ ಇಳಿದು, ಪುಟಿದು, ಗಾಲಿ ಮುರಿದು, ರನ್‌ವೇ ದಾಟಿ ಉರಿಯಿತು. ಕಾರ್ ರೇಸ್‌ನ ಡೇಲ್ ಅರ್ನ್‌ಹಾರ್ಟ್ ಜೂನಿಯರ್ ಕುಟುಂಬ ಸಮೇತ ಒಳಗಿದ್ದರು. ಮುಖ್ಯ ಬಾಗಿಲು ಪೂರ್ತಿ ತೆರೆಯಲಿಲ್ಲ. ತೆರೆದಷ್ಟು ಸಂದಿಯಿಂದಲೇ ಎಲ್ಲರೂ ನುಸುಳಿ ಬಂದರು. ಎರಡೂ ಕಡೆ ಡಿಕ್ಕಿಯಲ್ಲಿ ಜನ ಉಳಿದಿದ್ದರು, ಆಮೇಲಿನದೆಲ್ಲ ಒಂದು ಬಾಗಿಲಿನ ಮೇಲೆ ನಿಂತಿತ್ತು. ಖಾಸಗಿ ಜೆಟ್ ಹತ್ತುವವರು ಸೀಟಿನ ಚರ್ಮ ನೋಡುವ ಮುಂಚೆ ಬಾಗಿಲಿನ ಹಿಡಿಕೆ ಯಾವ ಕಡೆ ತಿರುಗುತ್ತದೆ ಎಂದು ಸುಮ್ನೆ ಒಮ್ಮೆ ಕೇಳಿಟ್ಟುಕೊಂಡರೆ ನಷ್ಟವೇನಿಲ್ಲ.

ಯಾರ ತಪ್ಪು ಎಷ್ಟು

ಬಿಸಿನೆಸ್ ಜೆಟ್ ಅಪಘಾತಗಳಲ್ಲಿ ಪೈಲಟ್‌ಗಳನ್ನು ಸುಮ್ಮಸುಮ್ಮನೆ ಬಿಟ್ಟುಬಿಡಬೇಕು ಎಂದು ನಾನು ಹೇಳುತ್ತಿಲ್ಲ. 2014ರ ಮೇ 31ರಂದು ಮ್ಯಾಸಚೂಸೆಟ್ಸ್‌ನ ಬೆಡ್‌ಫರ್ಡ್‌ನಲ್ಲಿ ಗಲ್ಫ್‌ಸ್ಟ್ರೀಮ್ ಜಿ-ಫೋರ್ ಒಂದು ರನ್‌ವೇ ದಾಟಿ ಉರಿದು ಏಳು ಜನ ಸತ್ತರು. ನಿಂತಾಗ ಗಾಳಿಗೆ ಅಲುಗಾಡದಂತೆ ಹಾಕುವ ಕಂಟ್ರೋಲ್ ಲಾಕ್ ತೆಗೆಯದೇ ಓಟ ಶುರು ಮಾಡಿದ್ದರು. ಕಂಟ್ರೋಲ್‌ಗಳನ್ನು ಒಮ್ಮೆ ಪೂರ್ತಿ ಅಲ್ಲಾಡಿಸಿ ನೋಡಿದ್ದರೆ ಸಾಕಿತ್ತು. ಅದೇ ಪೈಲಟ್‌ಗಳು ಅದೇ ವಿಮಾನದಲ್ಲಿ ಮಾಡಿದ ಹಿಂದಿನ 175 ಟೇಕಾಫ್‌ಗಳಲ್ಲಿ ಶೇ. 98ರಲ್ಲಿ ಆ ಪರೀಕ್ಷೆ ಪೂರ್ತಿ ಆಗಿರಲಿಲ್ಲ. ಅಲ್ಲಿ ನೋಡುವ ಕೆಲಸ ಅವರದ್ದೇ ಆಗಿತ್ತು. ಅವರೇ ನೋಡಲಿಲ್ಲ.

ಕೊಲಂಬಿಯಾ ಹಾಗಲ್ಲ. ಅಲ್ಲಿನ ಪೈಲಟ್‌ಗಳು ಚೆಕ್‌ಲಿಸ್ಟ್‌ನ ಎಲ್ಲ ಸಾಲನ್ನೂ ಓದಿ ಮುಗಿಸಿದರೂ ಟೈರ್‌ನ ಗಾಳಿ ಗೊತ್ತಾಗುತ್ತಿರಲಿಲ್ಲ. ಆ ಸಾಲೇ ಅವರ ಪಟ್ಟಿಯಲ್ಲಿ ಇರಲಿಲ್ಲ. ವಿ-ಒನ್ ಆದ ಮೇಲೆ ನಿಲ್ಲಿಸಿದ್ದು ತಪ್ಪೇ. ಆದರೆ ಆ ತಪ್ಪು ಮಾಡುವ ಸ್ಥಿತಿಗೆ ಅವರನ್ನು ತಂದು ನಿಲ್ಲಿಸಿದ್ದು ಮೂರು ವಾರದ ಸೋರಿಕೆ. ಆ ತಪ್ಪನ್ನು ಇನ್ನೂ ಭೀಕರ ಮಾಡಿದ್ದು 2001ರಲ್ಲೇ ಕಂಡಿದ್ದ ರಿವರ್ಸರ್ ದೋಷ.

ಎನ್‌ಟಿಎಸ್‌ಬಿ ಮಾಡಿದ ಶಿಫಾರಸುಗಳಲ್ಲಿ ನನಗೆ ಅತಿ ಬೆಲೆಯುಳ್ಳದ್ದು ಅನ್ನಿಸಿದ್ದು ಸಣ್ಣ ಶಿಫಾರಸುಗಳೇ. ಟೈರ್ ಒತ್ತಡವನ್ನು ಎಷ್ಟು ದಿನಕ್ಕೊಮ್ಮೆ ನೋಡಬೇಕು ಎಂಬುದನ್ನು ಕೈಪಿಡಿಯಲ್ಲಿ ದಿನಗಳ ಲೆಕ್ಕದಲ್ಲೇ ಬರೆಯಬೇಕು. ಬಾಡಿಗೆ ವಿಮಾನದ ಪೈಲಟ್‌ಗಳಿಗೂ ಗೇಜ್ ಹಚ್ಚಲು ಅವಕಾಶ ಇರಬೇಕು. ಕಾಕ್‌ಪಿಟ್‌ನಲ್ಲೇ ಒತ್ತಡ ತೋರಿಸುವ ಮೀಟರ್ ಬರಬೇಕು. ಸಿಮ್ಯುಲೇಟರ್‌ನಲ್ಲಿ ಟೈರ್ ಒಡೆಯುವ ಸದ್ದು, ನಡುಕ ಸಮೇತ ಅಭ್ಯಾಸ ಮಾಡಿಸಬೇಕು. ಇವುಗಳಲ್ಲಿ ಮೊದಲ ಎರಡಕ್ಕೆ ಹೊಸ ಯಂತ್ರವೇನೂ ಬೇಕಿರಲಿಲ್ಲ. ಲಿಯರ್‌ಜೆಟ್ ತಯಾರಿಕೆ 2022ರಲ್ಲಿ ನಿಂತುಹೋಯಿತು. ಮಾರಾಟವಾದವು ಮಾತ್ರ ಇನ್ನೂ ಹಾರುತ್ತಿವೆ, ಅವುಗಳ ಟೈರ್‌ಗಳಿಂದ ನೈಟ್ರೋಜನ್ ಇವತ್ತೂ ಸೋರುತ್ತದೆ. ಹಾಗಾಗಿ ಇಂಥ ಹಳೆಯ ಜೆಟ್ ಬಾಡಿಗೆಗೆ ಕೊಡುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಸುಲಭದ್ದು: ಕೊನೆಯ ಸಲ ಗೇಜ್ ಹಚ್ಚಿದ್ದು ಯಾವ ತಾರೀಕು, ಹಚ್ಚಿದ್ದು ಯಾರು?